ಬರೆಯದೇ ಬಿಟ್ಟ ಹೂಂ

"ಆ ಕಥೆಯಲ್ಲಿ ಬಾರದೇ ಹೋದವ ನಾನೇ, ಅಕ್ಕೋರೆ!"

ಸಭೆಯ ತಲೆಗಳೆಲ್ಲ ಒಮ್ಮೆಲೇ ಹಿಂದಕ್ಕೆ ತಿರುಗಿದವು.

ಸಿರ್ಸಿಯ ಆ ಪುಟ್ಟ ಸಭಾಂಗಣದಲ್ಲಿ ಭಾನುವಾರ ಬೆಳಿಗ್ಗೆ ಎಂಬತ್ತು ಜನ ಸೇರಿದ್ದರು. ದಾಕ್ಷಾಯಿಣಿಯ ಹೊಸ ಪುಸ್ತಕದ ಬಿಡುಗಡೆ. ಯಲ್ಲಾಪುರದ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ಅರವತ್ತಮೂರರ ಹೆಂಗಸು ಅವಳು. ವಾರಪತ್ರಿಕೆಯಲ್ಲಿ ಅವಳು ಬರೆಯುವ ಅಂಕಣವೆಂದರೆ ಮೂರು ತಾಲೂಕಿನ ಹೆಂಗಸರಿಗೆ ಪ್ರಾಣ. ಮಿಡಿಮಾವಿನ ಉಪ್ಪಿನಕಾಯಿ, ಮಂಡಿನೋವು, ತಪ್ಪಿಹೋದ ಬಸ್ಸು, ತಪ್ಪಿಹೋದ ಪ್ರೀತಿ... ಯಾವುದನ್ನು ಬರೆದರೂ ಓದುವವರು ಕಣ್ಣೊರೆಸಿಕೊಳ್ಳುತ್ತಿದ್ದರು.

ಮಾತು ಮುಗಿದಿತ್ತು. "ಯಾರಾದರೂ ಪ್ರಶ್ನೆ ಕೇಳುವವರಿದ್ದರೆ..." ಎಂದು ಪತ್ರಿಕೆಯ ಸಂಪಾದಕಿ ಗೀತಾ ಮೈಕು ಹಿಡಿದಿದ್ದಳು.

ಆಗ ಹಿಂದಿನ ಸಾಲಿನಲ್ಲಿ ಅವನು ಎದ್ದು ನಿಂತ.

ಎತ್ತರದ ಆಳು, ಈಗ ಸ್ವಲ್ಪ ಬಾಗಿದ್ದ. ಎಡಹುಬ್ಬಿನ ನಡುವೆ ಬಿಳಿ ಗೆರೆಯಂಥ ಗಾಯದ ಗುರುತು. ಎಂದೋ ಒಂದು ಎಮ್ಮೆ ಕೋಡಿನಲ್ಲಿ ಹಾಯ್ದ ಗುರುತು...

ದಾಕ್ಷಾಯಿಣಿ ಕೈಯಲ್ಲಿದ್ದ ನೀರಿನ ಲೋಟವನ್ನು ಮೇಜಿನ ಮೇಲಿಟ್ಟಳು.

'ರಘು...!'

"ಪ್ರಶ್ನೆ ಏನು ಸರ್?" ಗೀತಾ ತಡವರಿಸಿದಳು.

"ಪ್ರಶ್ನೆ ಅಲ್ಲ, ತಿದ್ದುಪಡಿ. ಅವ ಬರಲೇ ಇಲ್ಲ ಅಂತ ಅಕ್ಕೋರು ಬರೆದಿದ್ದಾರೆ. ಹೊಸ ಪುಸ್ತಕದಲ್ಲೂ ಆ ಕಥೆ ಸೇರಿಸಿದ್ದಾರಂತೆ. ನಾನು ಬಂದಿದ್ದೆ. ಅಷ್ಟೇ."

ಪಕ್ಕದಲ್ಲಿದ್ದ ಮೂವತ್ತೈದರ ಹೆಂಗಸು ಅವನ ತೋಳು ಹಿಡಿದು ಎಳೆದಳು. "ಅಪ್ಪಾ, ಸಾಕು ಬಾ. ಜನ ನೋಡ್ತಾ ಇದ್ದ."

"ಆನು ಹೇಳಕ್ಕಾಗಿದ್ದು ಹೇಳ್ದಿ," ಎಂದ ಅವನು. ಇಬ್ಬರೂ ಬಾಗಿಲು ದಾಟಿ ಹೊರಟೇಹೋದರು.

ಗೀತಾ ನಗಲು ನೋಡಿದಳು. ಯಾರೋ ಚಪ್ಪಾಳೆ ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು. ದಾಕ್ಷಾಯಿಣಿ ಮಾತ್ರ ಹೊದಿಸಿದ ಶಾಲನ್ನು ಕುರ್ಚಿಯ ಮೇಲೆ ಬಿಟ್ಟು, ಮಂಡಿ ಹಿಡಿದುಕೊಂಡೇ ಮೆಟ್ಟಿಲಿಳಿದಳು.

* * *

ಅವರು ಸಿಕ್ಕಿದ್ದು ಹಳೇ ಬಸ್‌ಸ್ಟ್ಯಾಂಡಿನ ಬಳಿಯ ಚಹದಂಗಡಿಯಲ್ಲಿ.

ಏದುಸಿರು ಬಿಡುತ್ತ ಬಂದ ಅವಳನ್ನು ನೋಡಿ ಮಗಳು ಮುಖ ತಿರುಗಿಸಿದಳು. "ನಾನು ಬಸ್ಸು ಯಾವಾಗ ಅಂತ ಕೇಳ್ಕೊಂಡು ಬರ್ತೆ," ಎಂದವಳೇ ಎದ್ದು ಹೋದಳು.

ಮೂವತ್ತೆಂಟು ವರ್ಷ! ಎದುರಿಗೆ ಸಿಕ್ಕರೆ ಹೀಗೆ ಹೇಳಬೇಕು, ಹಾಗೆ ಹೇಳಬೇಕು ಎಂದು ಸಾವಿರ ಸಲ ಮನಸ್ಸಿನಲ್ಲೇ ಮಾತು ಕಟ್ಟಿದ್ದಳು. ಈಗ ಬಂದದ್ದು ಬರೀ ಸಿಟ್ಟು.

"ಬಂದಿದ್ದೆ ಅಂದ್ರ ಏನ್ರೀ ಅರ್ಥ? ಎಂಬತ್ತು ಮಂದಿ ಎದುರಿಗೆ ನನ್ನ ಸುಳ್ಳಿ ಅಂದ್ರಿ! ಹನ್ನೊಂದು ಗಂಟೆಯಿಂದ ಐದರ ತನಕ ಕೂತಿದ್ದೆ ನಾನು ಆ ಕಚೇರಿ ಕಟ್ಟೆ ಮೇಲೆ. ಊಟ ಇಲ್ಲ, ನೀರಿಲ್ಲ..."

"ನೀನು ಬಾಳೆಹಣ್ಣು ತಿಂದಿದ್ದೆ," ಎಂದ ರಘುಪತಿ ಮೆಲ್ಲಗೆ. "ಎರಡು. ನಿನ್ನ ಅಪ್ಪ ಸುಲಿದು ಕೊಟ್ಟಿದ್ರು."

ದಾಕ್ಷಾಯಿಣಿ ಎದುರಿನ ಬೆಂಚಿನ ಮೇಲೆ ಕೂತುಬಿಟ್ಟಳು.

ಆ ಬಾಳೆಹಣ್ಣು ಕಥೆಯಲ್ಲಿರಲಿಲ್ಲ. ಅಪ್ಪನೂ ಇರಲಿಲ್ಲ. ಅದನ್ನು ಅವಳು ಯಾರಿಗೂ ಹೇಳಿರಲೇ ಇಲ್ಲ!

ಆಗ ಅವಳಿಗೆ ಇಪ್ಪತ್ತೈದು. ಬನವಾಸಿ ಕಡೆಯ ಲಿಂಗಾಯತರ ಮನೆಯ ಮಗಳು, ಯಲ್ಲಾಪುರದ ಶಾಲೆಗೆ ಹೊಸದಾಗಿ ಸೇರಿದ ಅಕ್ಕೋರು. ನಿಲ್ಕುಂದದ ಹವ್ಯಕರ ಹುಡುಗ ರಘುಪತಿ, ಕಿರವತ್ತಿಯ ದನದ ಆಸ್ಪತ್ರೆಯಲ್ಲಿ ಕಂಪೌಂಡರ್. ಬಸ್ಸಿನಲ್ಲಿ ಸಿಕ್ಕಿ, ಜಗಳವಾಡಿ, ಮಾತಿಗೆ ಮಾತು ಬೆಳೆದು, ಪ್ರೀತಿಯಾಗಿತ್ತು. ಅವಳ 'ಯಾಕ್ರೀ'ಗೆ ಅವನು ನಗುತ್ತಿದ್ದ, ಅವನ 'ಎಂತದು'ಗೆ ಅವಳು. ಎರಡೂ ಮನೆಯವರು ಒಪ್ಪುವುದಿಲ್ಲವೆಂದು ಗೊತ್ತಿದ್ದೇ ಸಿರ್ಸಿಯ ಕಚೇರಿಯಲ್ಲಿ ರಿಜಿಸ್ಟರ್ ಮದುವೆಗೆ ನೋಟಿಸು ಕೊಡುವ ದಿನ ನಿಶ್ಚಯಿಸಿದ್ದರು.

ಅವನು ಬರಲಿಲ್ಲ. ವಾರ ಬಿಟ್ಟು ಅವಳು ಕಿರವತ್ತಿಗೆ ಹೋದಾಗ ಅವನ ಕೋಣೆಗೆ ಬೀಗ ಬಿದ್ದಿತ್ತು. ಎರಡೇ ತಿಂಗಳಿಗೆ ಅವನ ಮದುವೆಯ ಸುದ್ದಿ ಬಂತು.

"ನಾನು ಎದುರಿನ ಕ್ಯಾಂಟೀನಿನ ಕಂಬದ ಹತ್ರ ನಿಂತಿದ್ದೆ," ರಘುಪತಿ ಮುಂದುವರಿಸಿದ. "ನಿನ್ನ ಅಪ್ಪನ್ನ ಕಂಡು ಕಾಲು ನಿಂತೇ ಹೋಯ್ತು. ಅವರು ಎಂತದೋ ಕೇಳಿದ್ರು. ನೀನು ಹೂಂ ಅಂತ ತಲೆ ಆಡಿಸಿದೆ. ಅವರು ನಿನ್ನ ತಲೆ ಮೇಲೆ ಕೈ ಇಟ್ರು. ಮುಗೀತು, ಮನೆಯವರಿಗೆ ಗೊತ್ತಾಯ್ತು, ಇವಳು ಒಪ್ಪಿಬಿಟ್ಲು ಅಂದ್ಕೊಂಡೆ."

"ಅಪ್ಪಾರು ಹೊಲದ ಪಹಣಿ ತಗೊಳ್ಳಾಕ ಬಂದಿದ್ರು!" ಅವಳ ದನಿ ಚಹದಂಗಡಿಯ ತುಂಬ ಕೇಳಿಸಿತು. "ನನ್ನ ಕಂಡಿದ್ದು ಆಕಸ್ಮಿಕ! ಅವರಿಗೇನೂ ಗೊತ್ತಿರಲಿಲ್ಲ. ಅರ್ಧ ತಾಸಿಗೆ ಎದ್ದು ಹೋದ್ರು. ಅದಾದ ಮ್ಯಾಲೆ ನಾಲ್ಕು ತಾಸು... ನಾಲ್ಕು ತಾಸು ನಾ ಒಬ್ಬಳೇ ಕೂತಿದ್ದೆ, ರಘು!"

ಅವನು ತಲೆಯೆತ್ತಿ ಅವಳನ್ನು ನೋಡಿದ.

"ನಾಲ್ಕು ತಾಸಾ...?"

"ಹೌದು! ಒಂದು ಮಾತು ಕೇಳಬಾರದಿತ್ತಾ? ಮರುದಿನ ಬಂದು ಕೇಳಬಾರದಿತ್ತಾ?"

ಅವನು ಚಹದ ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಹೇಳಿದ. "ಇಷ್ಟು ವಯಸ್ಸಾದ ಮೇಲೆ ಸುಳ್ಳು ಹೇಳೂದು ಎಂತಕ್ಕೆ? ಅವತ್ತು ಬಸ್ಸು ಹತ್ತಿ ಕೂತ ಮೇಲೆ... ನನಗೆ ಸಮಾಧಾನ ಆಗಿತ್ತು ದಾಕ್ಷಿ. ಆಯಿಗೆ ಹೇಳೂದು ತಪ್ಪಿತು, ಊರು ಎದುರಿಸೂದು ತಪ್ಪಿತು ಅಂತ. ಅಳು ಬಂದದ್ದು ಆಮೇಲೆ. ಮೊದಲು ಬಂದದ್ದು ಸಮಾಧಾನವೇ."

ಎಷ್ಟು ವರ್ಷದ ನಂತರ ಆ ಹೆಸರು! 'ದಾಕ್ಷಿ'... ಆದರೆ ಅದರ ಜೊತೆಗೇ ಬಂದ ಮಾತು ಮೆಣಸಿನಂತೆ ಉರಿಯಿತು.

"ಹಾಗಾದ್ರ ನಾ ಬರ್ದಿದ್ದು ಖರೇನ ಆತಲ್ಲ? 'ಅಮ್ಮನ ಸೆರಗು ಹಿಡಿದು ಹುಟ್ಟಿದವನು, ಸೆರಗು ಹಿಡಿದೇ ಸಾಯುವವನು' ಅಂತ?"

"ಖರೆ," ಎಂದ ಅವನು. "ಅದನ್ನ ಅನುಭವಿಸಿದ್ದೇನೆ. ನೀನು ಹುಬ್ಬಿನ ಗಾಯ ಬರೆದೆ, ದನದ ಆಸ್ಪತ್ರೆ ಬರೆದೆ. ಊರವರಿಗೆ ಹೆಸರು ಬೇಕಾಗಲಿಲ್ಲ. ಮೂವತ್ತು ವರ್ಷದಿಂದ ನಾನು ಸೆರಗಣ್ಣ. ಪೇಟೆಗೆ ಹೋದ್ರೆ ಸೆರಗಣ್ಣ, ಮದುವೆಮನೆ ಪಂಕ್ತಿಯಲ್ಲಿ ಸೆರಗಣ್ಣ. ನಮಿತಾ ಶಾಲೆಯಲ್ಲಿ ಸೆರಗಣ್ಣನ ಮಗಳು."

"ನನಗ... ಅದು ಗೊತ್ತಿರಲಿಲ್ಲ."

"ವೇದಾ, ನನ್ನ ಹೆಂಡತಿ, ನೆರೆಮನೆ ಜಯಾ ಆ ಕಥೆ ಓದಿ ಹೇಳಿದಾಗ ಕೇಳಿದ್ಲು. ನಮ್ಮ ಮದುವೆಯಾಗಿ ಒಂಬತ್ತು ವರ್ಷ ಆಗಿತ್ತು. ಅದು ನೀವೇಯಾ ಅಂದ್ಲು. ಹೌದು ಅಂದೆ. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ಜಗಳ ಮಾಡಿದ್ರೆ ಚಲೋ ಇತ್ತು... ಬಡಿಸುವಾಗ ಮುಖ ನೋಡೂದು ಬಿಟ್ಲು. ಎರಡು ವರ್ಷದ ಹಿಂದೆ ತೀರಿಹೋದ್ಲು. ಕಡೇ ತನಕ ನೋಡಲಿಲ್ಲ."

ಮಗಳು ದೂರದಿಂದ ಕೈ ಮಾಡಿದಳು. ಸಿದ್ದಾಪುರದ ಬಸ್ಸು ಬಂದಿತ್ತು.

ಏಳುತ್ತ ಅವನು ಹೇಳಿದ. "ನನ್ನನ್ನ ಹೇಡಿ ಅಂತಲೇ ಬರಿ. ಆದ್ರೆ ಬರಲೇ ಇಲ್ಲ ಅಂತ ಬರೀಬೇಡ. ಬಂದು ಹೇಡಿಯಾದೆ ಅಂತ ಬರಿ."

* * *

ಮನೆಗೆ ಬಂದ ದಾಕ್ಷಾಯಿಣಿ ಎರಡು ದಿನ ಏನೂ ಬರೆಯಲಿಲ್ಲ.

ಯಲ್ಲಾಪುರದ ಹೊರಗೆ ಅವಳದು ಎರಡು ಕೋಣೆಯ ಮನೆ, ಹಿಂದೆ ಹತ್ತು ಸೇವಂತಿಗೆ ಮಡಿ. ಹಳ್ಳಿಯ ಬದುಕು ನೆಮ್ಮದಿ ಎಂದು ಅಂಕಣದಲ್ಲಿ ಬರೆಯುತ್ತಿದ್ದಳು. ನಿಜ ಹೇಳಬೇಕೆಂದರೆ ಮಧ್ಯಾಹ್ನ ಮೂರು ಗಂಟೆಗೆ ಆ ನೆಮ್ಮದಿ ಕತ್ತು ಹಿಸುಕುತ್ತಿತ್ತು. ವಯಸ್ಸಾದರೆ ಮನಸ್ಸು ಮಾಗುತ್ತದೆ ಎಂದೂ ಬರೆದಿದ್ದಳು. ಮಾಗುವುದೆಲ್ಲಿ ಬಂತು! ಮಂಡಿ ಸವೆದಿತ್ತು, ಸಿಟ್ಟು ಇಪ್ಪತ್ತೈದರದ್ದೇ ಇತ್ತು.

ಸಿಟ್ಟಿನ ಕೆಳಗೆ ಇನ್ನೊಂದಿತ್ತು. ಅದನ್ನು ನೋಡಲು ಅವಳಿಗೆ ಮೂರನೆಯ ದಿನ ಬೆಳಗಾಗಬೇಕಾಯಿತು.

ಅವತ್ತು ಕಟ್ಟೆಯ ಮೇಲೆ ಅಪ್ಪ ಶಿವಲಿಂಗಪ್ಪ ಬಾಳೆಹಣ್ಣು ಸುಲಿಯುತ್ತ ಕೇಳಿದ್ದ. "ಈ ವರ್ಷ ನಿನ್ನ ಮದುವಿ ಮುಗಿಸಿಬಿಡೂಣೇನವಾ? ಹಾವೇರಿ ಕಡೆ ಚಲೋ ಹುಡುಗ ಅದಾನ. ನಾ ಮಾತು ಕೊಡ್ಲಿ?"

ಅವಳು ಹೇಳಿದ್ದಳು. "ಹೂಂ, ಅಪ್ಪಾರ."

ಅಪ್ಪ ಬೇಗ ಎದ್ದು ಹೋಗಲೆಂದು ಹೇಳಿದ ಹೂಂ ಅದು ಎಂದು ತನ್ನನ್ನು ತಾನು ನಂಬಿಸಿದ್ದಳು. ಆಮೇಲೆ ಆ ಹುಡುಗನನ್ನು ಬೇಡವೆಂದಳು, ಮುಂದಿನವನನ್ನೂ ಬೇಡವೆಂದಳು, ಮದುವೆಯನ್ನೇ ಬೇಡವೆಂದಳು. ಅಪ್ಪ ಮಾತು ಬಿಟ್ಟೇ ಸತ್ತ. ಎಲ್ಲರೂ ಅವಳನ್ನು ಕಾದವಳು ಅಂದರು. ಕಾದವಳು ಎಂಬುದೇ ಅವಳಿಗೆ ಹೆಸರು ತಂದಿತು!

'ರಘು ಬಂದು ಎದುರಿಗೆ ನಿಂತಿದ್ದರೆ...? ಅಪ್ಪಾರ, ಇವನೇ ಅಂತ ಹೇಳುತ್ತಿದ್ದೆನೇ...?'

ಇಲ್ಲ. ಹೇಳುತ್ತಿರಲಿಲ್ಲ. ಯಾರೋ ಗುರುತಿನವರು ಅಂದುಬಿಡುತ್ತಿದ್ದಳು. ಅದು ಅವಳಿಗೆ ಅವತ್ತೂ ಗೊತ್ತಿತ್ತು. ಕಂಬದ ಹತ್ತಿರ ನಿಂತವನು ತಪ್ಪಾಗಿ ನೋಡಿರಲಿಲ್ಲ. ಅವನು ನೋಡಿದ್ದನ್ನು ಅವಳು ಕಥೆಯಿಂದ ತೆಗೆದುಹಾಕಿದ್ದಳು.

ಅವಳು ಪೆನ್ನು ತೆಗೆದುಕೊಂಡಳು.

ಓದಿದ ಗೀತಾ ತಕ್ಷಣ ಫೋನು ಮಾಡಿದಳು.

"ಅಕ್ಕಾ, ಇದು ಬೇಡ! ನಿಮ್ಮನ್ನ ಜನ ಎಷ್ಟು ಎತ್ತರದಲ್ಲಿಟ್ಟಿದ್ದಾರೆ ಗೊತ್ತಾ? ನಿಮ್ಮ ಆ ಕಥೆ ಓದಿ ಎಷ್ಟು ಹೆಣ್ಣುಮಕ್ಕಳು ಅತ್ತಿದ್ದಾರೆ!"

"ಅದಕ್ಕೇ ಹಾಕು ಗೀತಾ. ಅರ್ಧ ಕಥೆ ಹೇಳಿ ಅವರನ್ನೆಲ್ಲ ಅಳಿಸಿದ್ದೇನೆ. ಒಬ್ಬ ಹೆಂಗಸಂತೂ ಗಂಡನ ಮುಖ ನೋಡದೇ ಸತ್ತಳು."

"ಅವನು ಹೇಡಿ ಅಂತ ಅವನೇ ಒಪ್ಪಿದ್ದಾನಲ್ಲ?"

"ಒಪ್ಪಿದ. ಎಂಬತ್ತು ಜನರ ಎದುರು ಎದ್ದು ನಿಂತ. ನಾನು ಮೂವತ್ತೆಂಟು ವರ್ಷ ಬಚ್ಚಿಟ್ಟುಕೊಂಡು ಶಾಲು ಹೊದಿಸಿಕೊಂಡೆ."

ಅಂಕಣ ಬಂತು. 'ಅವನು ಬಂದಿದ್ದ. ಹೆದರಿ ಹೋದ. ನಾನು ಕೂತಿದ್ದೆ. ಹೆದರಿ ಹೂಂ ಅಂದೆ. ಇಬ್ಬರಲ್ಲಿ ಒಬ್ಬನಿಗೆ ಮಾತ್ರ ನಾನು ಹೇಡಿಯೆಂಬ ಹೆಸರಿಟ್ಟೆ. ಬರೆಯುವ ಕೈ ನನ್ನದಾಗಿತ್ತು, ಅದಕ್ಕೆ...'

ಓದುಗರು ಸುಮ್ಮನಿರಲಿಲ್ಲ. 'ಇಷ್ಟು ದಿನ ನಮಗೆ ಮೋಸ ಮಾಡಿದಿರಿ' ಎಂದು ಪತ್ರಗಳು ಬಂದವು. ಮಹಿಳಾ ಮಂಡಳದವರು ಮುಂದಿನ ತಿಂಗಳ ಭಾಷಣ ಬೇಡವೆಂದರು. ಎಷ್ಟೋ ವರ್ಷದ ಗೆಳತಿಯೊಬ್ಬಳು ಪೇಟೆಯಲ್ಲಿ ಕಂಡೂ ಕಾಣದಂತೆ ಹೋದಳು.

ಮನೆಗೆಲಸಕ್ಕೆ ಬರುವ ಮಂಜಿಗೆ ಓದು ಬಾರದು. ಕಿರಾಣಿ ಅಂಗಡಿಯಲ್ಲಿ ಯಾರೋ ಓದಿದ್ದನ್ನು ಕೇಳಿಸಿಕೊಂಡು ಬಂದಿದ್ದಳು. ಪಾತ್ರೆ ತಿಕ್ಕುತ್ತ ಅವಳನ್ನೇ ನೋಡಿದಳು.

"ಅಕ್ಕೋರೆ, ಅಪ್ಪನ ಹೆದರಿಕೆಗೆ ನಾನೂ ಹೂಂ ಅಂದಿದ್ದೆ. ನೀವು ಓದ್ದವರು, ನಮ್ಮ ಹಾಂಗಲ್ಲ ಅಂದ್ಕಂಡಿದ್ದೆ."

"ನಿಮ್ಮ ಹಾಂಗೇ, ಮಂಜಿ."

"ಹಾಂಗಾರೆ ಊಟಾನಾದ್ರೂ ಮಾಡಿ. ಮೂರು ದಿನದಿಂದ ಅನ್ನ ಹಾಂಗೇ ಉಳೀತದೆ."

ಒಬ್ಬನಿಂದ ಮಾತ್ರ ಏನೂ ಬರಲಿಲ್ಲ. ಮೂರು ವಾರ ಕಾದಳು. ಇನ್ನು ಕಾಯುವಷ್ಟು ಆಯುಷ್ಯ ತನಗಿಲ್ಲ ಅನಿಸಿತು. ಸಿದ್ದಾಪುರಕ್ಕೆ ಹೋಗಿ, ಅಲ್ಲಿ ವಿಚಾರಿಸಿ, ಅವನು ಮಗಳ ಮನೆಯಲ್ಲಿದ್ದಾನೆಂದು ತಿಳಿದು ಬಿಳಗಿಯ ಬಸ್ಸು ಹತ್ತಿದಳು.

* * *

ಬಿಳಗಿಯಲ್ಲಿ ಹೊಲಿಗೆ ಮಾಡುವ ನಮಿತಾಳ ಮನೆ ಕೇಳಿದರೆ ಯಾರಾದರೂ ತೋರಿಸುತ್ತಿದ್ದರು. ಜಗಲಿಯಲ್ಲೇ ಮಿಶಿನ್ನು. ಬಂದವಳನ್ನು ನೋಡಿ ನಮಿತಾಳ ಕಾಲು ಪೆಡಲಿನ ಮೇಲೆ ನಿಂತಿತು.

"ಎಂತಕ್ಕೆ ಬಂದ್ರಿ?"

"ನಿಮ್ಮ ತಂದೆಯವರನ್ನ..."

"ಓದಿದೆ ನಿಮ್ಮ ಅಂಕಣ. ಅಪ್ಪಂಗೂ ನಾನೇ ಓದಿ ಹೇಳಿದೆ. ಅಪ್ಪನ ಕಣ್ಣು ಹೋಗ್ತಾ ಇದೆ, ಓದೂದಕ್ಕೆ ಆಗೂದಿಲ್ಲ. ಎರಡು ಸಲ ಓದ್ಸಿದ. ಮತ್ತೆ ಒಂದು ಮಾತು ಆಡಲಿಲ್ಲ." ನಮಿತಾಳ ದನಿ ಗಡುಸಾಗಿತ್ತು. "ಚಲೋ ಬರೆದಿದ್ದೀರಿ. ನಿಮಗೆ ತಪ್ಪು ಮಾಡಿದ್ರೂ ಚಲೋ ಬರೀಲಿಕ್ಕೆ ಬರ್ತದೆ. ಆದ್ರೆ ನನ್ನ ಆಯಿಗೆ ಆ ಪತ್ರಿಕೆಯನ್ನ ಯಾವ ವಿಳಾಸಕ್ಕೆ ಕಳಿಸ್ಲಿ, ಹೇಳಿ?"

ಬದುಕೆಲ್ಲ ಮಾತು ಕಟ್ಟಿದ ದಾಕ್ಷಾಯಿಣಿ ಕೈಚೀಲವನ್ನು ಎದೆಗವಚಿಕೊಂಡು ಆ ಹೊಸಿಲಿನಾಚೆಯೇ ನಿಂತಳು.

"ನಿಮ್ಮಿಬ್ಬರ ಹೆದರಿಕೆಗೆ ಆಯಿ ಸಿಕ್ಕಿಬಿದ್ಲು. ಅವಳು ಯಾರ ಕಥೆಯಲ್ಲೂ ಇಲ್ಲ."

"ಇಲ್ಲ ತಂಗೀ," ಎಂದಳು ದಾಕ್ಷಾಯಿಣಿ. "ಕ್ಷಮಿಸು ಅಂತ ಕೇಳಾಕೂ ನನಗ ಮುಖ ಇಲ್ಲ. ನಾ ಹೊರಡ್ತೀನಿ."

ಅವಳು ತಿರುಗಿದಳು. ಅಂಗಳದ ತುದಿಗೆ ಹೋಗುವಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ನಮಿ... ಯಾರು ಬೈಂದ?"

ಯಾರೂ ಇಲ್ಲ ಎಂದು ನಮಿತಾ ಅನ್ನಬಹುದಿತ್ತು. ಅನ್ನಲಿಲ್ಲ. ಕೆಳದನಿಯಲ್ಲಿ ಹೇಳಿದಳು. "ಅವ್ರು. ಯಲ್ಲಾಪುರದ ಅಕ್ಕೋರು." ಆಮೇಲೆ ಅಂಗಳದ ಕಡೆ ಮುಖ ಮಾಡಿ, ಸಿಟ್ಟಿನಲ್ಲೇ ಕರೆದಳು. "ಬಿಸಿಲಲ್ಲಿ ಬೈಂದಿ... ಬಂದಿದ್ದೀರಿ. ಆಸ್ರಿಗೆ ಕುಡಿದು ಹೋಗಿ. ಬಂದವರನ್ನ ಬರೀ ಬಾಯಲ್ಲಿ ಕಳಿಸಿದ್ರೆ ಆಯಿ ಬೈತಿದ್ಲು."

ಕೋಕಂ ಶರಬತ್ತಿನ ಲೋಟವಿಟ್ಟು ಅವಳು ಒಳಗೆ ಹೋದಳು.

ಜಗಲಿಯಲ್ಲಿ ಇಬ್ಬರೇ ಉಳಿದರು. ಗೋಡೆ ಮುಟ್ಟಿಕೊಂಡು ಬಂದು ರಘುಪತಿ ಬೆಂಚಿನ ಮೇಲೆ ಕೂತ.

"ಆ ಹೂಂ ಬರೀಬೇಕು ಅಂತ ನಾನು ಕೇಳಿರಲಿಲ್ಲ," ಎಂದ.

"ನೀ ಕೇಳಲಿಲ್ಲ ಅಂತನ ಬರದೆ."

"ಮೂವತ್ತೆಂಟು ವರ್ಷ ನಾನು ತಪ್ಪಾಗಿ ನೋಡಿದ್ನೋ ಎಂತದೋ ಅಂತ ಕೊರೀತಾ ಇತ್ತು. ಸರಿಯಾಗೇ ನೋಡಿದ್ದೆ ಅಂತ ಗೊತ್ತಾಗಿ... ಸಮಾಧಾನ ಆಗಬೇಕಿತ್ತು. ಆಗಲಿಲ್ಲ ದಾಕ್ಷಿ. ನಾವು ಇಷ್ಟು ಹೆದರಬೇಕಿರಲಿಲ್ಲ ಅನಿಸ್ತು. ನನ್ನ ಆಯಿ ಎರಡು ವರ್ಷ ಅಳ್ತಿದ್ಲು, ಮೂರನೇ ವರ್ಷ ಮೊಮ್ಮಗಳನ್ನ ಎತ್ತಿಕೊಳ್ತಿದ್ಲು. ಅಷ್ಟೇ ಆಗ್ತಿತ್ತು."

"ಅಪ್ಪಾರೂ ಅಷ್ಟ." ಅವಳ ಕಣ್ಣು ತುಂಬಿತು. "ಹೆದರಿಸಿದವರೆಲ್ಲ ಹೋದ್ರು, ರಘು. ಹೆದರಿದ ನಾವಿಬ್ಬರೇ ಉಳಿದ್ವಿ."

ಒಳಗೆ ಕಪಾಟು ಮುಚ್ಚಿದ ಸದ್ದು, ಪಾತ್ರೆ ಇಟ್ಟ ಸದ್ದು.

"ನನ್ನ ಮನೆಗೆ ಬಾ," ಎಂದುಬಿಟ್ಟಳು ದಾಕ್ಷಾಯಿಣಿ. ಅರವತ್ತಮೂರಕ್ಕೆ! "ಮದುವಿ ಗಿದುವಿ ಏನೂ ಬ್ಯಾಡ. ಮಂದಿ ಏನರೆ ಅಂದ್ಕೊಳ್ಳಲಿ. ಎರಡು ಖೋಲಿ ಅದಾವ. ನನಗ ಮಂಡಿನೋವು, ಗೊರಕಿ ಹೊಡೀತೀನಿ, ಮಾತು ಖಾರ. ನಾನೇನು ಹಳೇ ದಾಕ್ಷಿ ಅಲ್ಲ, ಮೊದಲೇ ಹೇಳ್ತೀನಿ."

ಅವನು ಉತ್ತರ ಕೊಡುವ ಮೊದಲೇ ಬಾಗಿಲಲ್ಲಿ ನಮಿತಾ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣು ಕೆಂಪಾಗಿತ್ತು.

"ಆಯಿಯ ತಿಥಿ ಮುಂದಿನ ತಿಂಗಳು," ಎಂದಳು ಅಪ್ಪನ ಕಡೆಗೆ. "ಅಲ್ಲೀವರೆಗೆ ನೀ ಎಲ್ಲೂ ಹೋಪಲಿಲ್ಲೆ. ಆಮೇಲೆ ನಿನ್ನಿಷ್ಟ. ಆನು ತಡೀತ್ನಿಲ್ಲೆ." ದಾಕ್ಷಾಯಿಣಿಯ ಕಡೆ ತಿರುಗಿದಳು. "ನನ್ನ ಹತ್ರ ಪ್ರೀತಿ ಎಲ್ಲ ನಿರೀಕ್ಷೆ ಮಾಡಬೇಡಿ. ಮತ್ತೆ... ಆಯಿ ಬಗ್ಗೆ ಒಂದು ಸಾಲೂ ಬರೀಬೇಡಿ. ಕನಿಕರಕ್ಕೂ ಬೇಡ."

"ಬರಿಯೋದಿಲ್ಲವ್ವ."

ನಮಿತಾ ಮಿಶಿನ್ನಿನ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು. ಬಾಗಿಲು ಹಾಕಲಿಲ್ಲ.

ರಘುಪತಿ ಬೆಂಚಿನ ಮೇಲೆ ಕೈ ಸರಿಸಿದ. ಅವಳ ಕೈ ಎಲ್ಲಿದೆಯೆಂದು ಅವನಿಗೆ ಸರಿಯಾಗಿ ಕಾಣಲಿಲ್ಲ. ಅವಳೇ ಸರಿಸಿ ಅವನ ಬೆರಳ ಕೆಳಗಿಟ್ಟಳು. ಎರಡೂ ಕೈ ಒರಟಾಗಿದ್ದವು, ನರ ಎದ್ದಿದ್ದವು.

"ಮುಂದಿನ ವಾರ ಎಂತ ಬರೀತೀ?" ಎಂದು ಕೇಳಿದ.

"ಏನೂ ಇಲ್ಲ. ಅಂಕಣ ನಿಲ್ಲಿಸೇನಿ. ಗೀತಾಗೆ ನಿನ್ನೆ ಹೇಳಿದೆ."

"ಹಾಗಾದ್ರೆ ದಿನಾ ಎಂತ ಮಾಡ್ತೀ?"

"ನಿನ್ನ ಮ್ಯಾಲೆ ಸಿಟ್ಟು ಮಾಡ್ತೀನಿ. ಇನ್ನೂ ಬೇಕಾದಷ್ಟು ಉಳಿದದ."

ಅವನು ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ.

"ಎಷ್ಟು ದಿನ?"

"ಇರೋ ತನಕ," ಎಂದಳು ದಾಕ್ಷಾಯಿಣಿ. "ಅದಕ್ಕಿಂತ ಹೆಚ್ಚು ನನ್ನ ಹತ್ರ ಏನೂ ಇಲ್ಲ, ರಘು."

"ಸಾಕು ಮಾರಾಯ್ತಿ," ಎಂದ ಅವನು. "ಅಷ್ಟು ಸಾಕು."